ಅಡಿವೆಪ್ಪನವರು ನಿಂತದ್ದು

ಇಂಗ್ಲಿಷರ ನಾಡಿನಲ್ಲಿರುವ ನಮ್ಮ ಕನ್ನಡ ಸಂಘದಲ್ಲಿರುವುದು ಅರವತ್ತಮೂರು ಕುಟುಂಬ. ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ರಾಜ್ಯೋತ್ಸವ ಎಂದ ಮೇಲೆ ಸನ್ಮಾನ ಇರಲೇಬೇಕು. ಹದಿನಾಲ್ಕು ವರ್ಷ ಬಿಡದೆ ಸನ್ಮಾನಿಸಿದ ಪರಿಣಾಮವಾಗಿ ಹೋದ ವರ್ಷ ಸಂಘದಲ್ಲಿ ಸಾಧಕರೇ ತೀರಿಹೋದರು. ಮೊದಲ ಎರಡು ವರ್ಷ ಡಾಕ್ಟರುಗಳನ್ನು ಮುಗಿಸಿದೆವು. ಆಮೇಲೆ ಮಕ್ಕಳನ್ನು ಕಠಿಣ ಪರೀಕ್ಷೆ ಬರೆಸಿ ಗ್ರಾಮರ್ ಸ್ಕೂಲಿಗೆ ಸೇರಿಸಿದವರು, ಆಮೇಲೆ ಸ್ವಂತ ಮನೆ ಕೊಂಡವರು. ಎಂಟನೆಯ ಸಲಕ್ಕೆ ಡ್ರೈವಿಂಗ್ ಟೆಸ್ಟ್ ಪಾಸಾದ ಶಂಕರ ಅವರಿಗೆ ಮೈಸೂರು ಪೇಟ ತೊಡಿಸಿದೆವು. ಕಸದ ಡಬ್ಬಿಯ ವಿಷಯದಲ್ಲಿ ಕೌನ್ಸಿಲ್ಲಿನ ಮೇಲೆ ಗೆದ್ದ ಚಂದ್ರಿಕಾ ಅವರಿಗೆ ಶಾಲು ಹೊದಿಸಿದೆವು. ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು, ಕಿಂಗ್ಸ್‌ಬರಿಯ ಅಡಿವೆಪ್ಪನವರದು.

ನಾನು ವಾಸು, ಸಂಘದ ಕಾರ್ಯದರ್ಶಿ. ಊರು ಮೈಸೂರು, ಈಗ ಇರುವುದು ಎಜ್‌ವೇರ್. ನಾರ್ದರ್ನ್ ಲೈನ್ ರೈಲು ಅಲ್ಲಿಗೆ ಮುಗಿಯುತ್ತದೆ, ನನ್ನ ಏಳಿಗೆಯೂ ಹೆಚ್ಚುಕಮ್ಮಿ ಅಲ್ಲಿಗೇ ಮುಗಿದಿದೆ. ಹಗಲು ಒಂದು ವಿಮಾ ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಮನಸ್ಸಿಟ್ಟು ಮಾಡುವ ಕೆಲಸ ಮಾತ್ರ ಅಭಿನಂದನಾ ಪತ್ರ ಬರೆಯುವುದು. ಸಂಘ ಇದುವರೆಗೆ ಕೊಟ್ಟ ಪತ್ರಗಳೆಲ್ಲ ನನ್ನವೇ. ಒಂದನ್ನೂ ಯಾರೂ ಕೇಳಿಲ್ಲ. ನಾನು ಮೈಕಿನ ಮುಂದೆ “ಹೇ ಮಹನೀಯರೇ” ಎನ್ನುವ ಹೊತ್ತಿಗೆ ಸರಿಯಾಗಿ ಹಿಂದುಗಡೆ ಬಿಸಿಬೇಳೆ ಬಾತಿನ ಮುಚ್ಚಳ ತೆಗೆಯುತ್ತಾರೆ, ಸಭೆಗೆ ಸಭೆಯೇ ಎದ್ದು ಸಾಲು ನಿಲ್ಲುತ್ತದೆ. ಸನ್ಮಾನಿತರು ವೇದಿಕೆ ಬಿಟ್ಟು ಹೋಗುವಂತಿಲ್ಲ, ಆದರೆ ಅವರ ಕಣ್ಣೂ ಬಾತಿನ ಮೇಲೆಯೇ ಇರುತ್ತದೆ.

ಅಡಿವೆಪ್ಪನವರು ವಿಜಯಪುರದ ಕಡೆಯವರು, ವಯಸ್ಸು ಐವತ್ತನಾಲ್ಕು. ಪಾರ್ಕ್ ರಾಯಲ್‌ನ ಒಂದು ಕಾರ್ಖಾನೆಯಲ್ಲಿ ತಿಂಡಿಯ ಡಬ್ಬಿಗಳು ಬೆಲ್ಟಿನ ಮೇಲೆ ಸಾಗಿ ಬರುವಾಗ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡುವುದು ಅವರ ಕೆಲಸ. ಮುಚ್ಚಳಗಳು ಕೂರುತ್ತಿದ್ದವು, ಅಡಿವೆಪ್ಪನವರು ಹನ್ನೆರಡು ವರ್ಷ ನಿಂತೇ ಇದ್ದರು. ಒಂದು ದಿನ ಬೆನ್ನುಮೂಳೆಯ ಬಿಲ್ಲೆಯೊಂದು ಜಾರಿತು. ಬಡಾವಣೆಯ ಡಾಕ್ಟರು, ಅಂದರೆ ಜಿಪಿ, ಒಂದು ಕಾಗದ ಬರೆದರು, ಆಸ್ಪತ್ರೆಯವರು ಒಂದು ಬರೆದರು, ಆ ಎರಡೂ ಕಾಗದ ಸಿಕ್ಕಿಲ್ಲವೆಂದು ಕಾರ್ಖಾನೆಯವರು ಮೂರನೆಯದನ್ನು ಬರೆದರು. ಹತ್ತೊಂಬತ್ತು ತಿಂಗಳಾದ ಮೇಲೆ ಒಂದು ಕುರ್ಚಿ ಬಂತು. ಎತ್ತರದ, ಬೂದು ಬಣ್ಣದ ಕುರ್ಚಿ. ಸುರಕ್ಷತೆಗೆಂದು ಅದರ ಗಾಲಿಗಳನ್ನು ಕಿತ್ತಿದ್ದರು. ಎಂಬತ್ತು ಜನ ನಿಂತು ದುಡಿಯುವ ಆ ಸಾಲಿನಲ್ಲಿ ಇದ್ದ ಕುರ್ಚಿ ಅದೊಂದೇ. ಅದು ಇದ್ದರೆ ಅಡಿವೆಪ್ಪನವರಿಗೆ ಕೆಲಸ, ಇಲ್ಲದಿದ್ದರೆ ಇಲ್ಲ. ಈ ಕಥೆ ಮುಗಿಯುವ ತನಕ ಓದುಗರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ನಾನು ಮರೆತಿದ್ದೆ.

ಅಕ್ಟೋಬರಿನ ಕೊನೆಯಲ್ಲಿ ಅವರಿಗೆ ಫೋನ್ ಮಾಡಿದೆ.

“ಅಡಿವೆಪ್ಪನೋರೆ, ನಿಮ್ಮ ಸಾಧನೆ ಏನು ಹೇಳಿ.”

“ಏನ್ ಕೇಳಾಕತ್ತೀರಿ ವಾಸು ಅವ್ರ?”

“ಸಾಧನೆ ಕಣ್ರೀ. ಈ ಸಲ ಸನ್ಮಾನ ನಿಮಗೇ. ಬೇರೆ ಯಾರೂ ಉಳಿದಿಲ್ಲ.”

“ನಂದೇನೈತ್ರಿ ಸಾಧನಾ. ಡಬ್ಬಿ ಮುಚ್ಚಳಾ ನೋಡ್ತೀನಿ” ಎಂದರು.

“ಅದು ಬಿಟ್ಟು?”

“ಮುಂಜಾನೆ ಪಾರ್ಕಿನ್ಯಾಗ ನಿಂದರ್ತೀನ್ರಿ.”

“ನಿಂತು ಏನ್ ಮಾಡ್ತೀರಿ?”

“ನಿಂತು ಏನೂ ಮಾಡೂದಿಲ್ರಿ. ನಿಂದರೂದ ಅಷ್ಟ.”

ವಿಷಯ ಹೀಗೆ ಹೊರಬಿತ್ತು. ಬೆನ್ನಿಗೆ ಫಿಸಿಯೋಥೆರಪಿ ಮಾಡಿಸಲು ಹೆಸರು ಬರೆಸಿದ್ದರು, ಸರದಿ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಕಿಂಗ್ಸ್‌ಬರಿಯ ಪಾರ್ಕಿನಲ್ಲಿ ಹಾಂಗ್‌ಕಾಂಗಿನಿಂದ ಬಂದ ಮಿಸೆಸ್ ಲಾವ್ ಎಂಬ ಮುದುಕಿ ಸಿಕ್ಕಿದ್ದರು. ಆಕೆ ಕಲಿಸುವುದಕ್ಕೆ ಜಾಮ್ ಜೋಂಗ್ ಎಂದು ಹೆಸರು. ನೆಟ್ಟ ಗೂಟದ ಹಾಗೆ ನಿಲ್ಲುವುದು ಎಂದು ಅರ್ಥವಂತೆ. ಕಾಲುಗಳನ್ನು ಭುಜದಗಲ ಇಟ್ಟು, ಮಂಡಿ ತುಸು ಬಗ್ಗಿಸಿ, ದೊಡ್ಡ ನೀರಿನ ಕೊಡವನ್ನು ಎದೆಗೆ ಅಪ್ಪಿಕೊಂಡಂತೆ ಕೈಗಳನ್ನು ಸುತ್ತಿ ಹಿಡಿದು, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಸುಮ್ಮನೆ ನಿಲ್ಲಬೇಕು. ಕೊಡ ಇರುವುದಿಲ್ಲ. ಚೀನಾದಲ್ಲಿ ಹೊಡೆದಾಟದ ವಿದ್ಯೆ ಕಲಿಯಲು ಬಂದವರಿಗೆ ಇದೇ ಮೊದಲ ಪಾಠವಂತೆ. ವರ್ಷಗಟ್ಟಲೆ ನಿಲ್ಲಿಸಿ, ಆಮೇಲೆ ಒಂದೇ ಒಂದು ಗುದ್ದು ಹೇಳಿಕೊಡುತ್ತಾರಂತೆ. ನಿಲ್ಲುವುದು ಬಂದುಬಿಟ್ಟರೆ ಎದುರಾಳಿ ತಳ್ಳಿದರೂ ಮನುಷ್ಯ ಅಲುಗುವುದಿಲ್ಲವಂತೆ, ಬೆನ್ನುನೋವೂ ಹೋಗುತ್ತದಂತೆ.

“ಎಷ್ಟು ಹೊತ್ತು ನಿಲ್ತೀರಿ?”

“ಹನ್ನೊಂದ ನಿಮಿಷ್ರಿ. ಹನ್ನೊಂದಕ್ಕ ಕಾಲ ಗಡಗಡ ನಡಗತಾವ, ಬೆಂಚಿನ ಮ್ಯಾಲೆ ಕುಂದರ್ತೀನಿ. ಆರ್ ತಿಂಗಳಾತು, ಹನ್ನೊಂದ ದಾಟಿಲ್ರಿ.”

“ಅಂದ್ರೆ ಇದು ಮಾರ್ಷಲ್ ಆರ್ಟ್ಸು?”

“ಅನ್ನಬಹುದ್ರಿ” ಎಂದರು ಅಡಿವೆಪ್ಪನವರು. ದನಿಯಲ್ಲಿ ತುಸು ಹೆಮ್ಮೆ ಇಣುಕಿತು. ನಾನು ಕಂಡಂತೆ ಅವರು ಜೀವನದಲ್ಲಿ ಕೊಚ್ಚಿಕೊಂಡದ್ದು ಅಷ್ಟೇ.

ಹನ್ನೊಂದು ನಿಮಿಷ ಎಂದು ಅಭಿನಂದನಾ ಪತ್ರದಲ್ಲಿ ಬರೆಯಲಾಗದು. ಅದಕ್ಕೆ ಗಾಂಭೀರ್ಯವಿಲ್ಲ. ನಾನು ಹೀಗೆ ಬರೆದೆ: “ಹೇ ಸಮರಕಲಾ ಸಾರ್ವಭೌಮರೇ! ಪ್ರಹರ ಪ್ರಹರಗಳ ಕಾಲ ಹಿಮಾಚಲದಂತೆ ಅಚಲರಾಗಿ ನಿಲ್ಲುವ ನಿಮ್ಮನ್ನು ಕಂಡು ನೋವೆಂಬುದೇ ನೊಂದುಕೊಂಡು ಓಡಿಹೋಯಿತು. ಜಗವೆಲ್ಲ ಪೀಠಕ್ಕಾಗಿ ಬಡಿದಾಡುತ್ತಿರುವಾಗ ಆಸನವನ್ನು ತೃಣವೆಂದು ತೊರೆದ ವಿರಾಗಿಗಳು ನೀವು.”

ಇದರಲ್ಲಿ ಸುಳ್ಳಿಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಕನ್ನಡಿಗನಾಗಿ ಹುಟ್ಟಿದ ಯಾವನೂ ಅಭಿನಂದನಾ ಪತ್ರವನ್ನು ನಂಬುವುದಿಲ್ಲ. ಮದುವೆಮನೆಯಲ್ಲಿ “ಏನೂ ತಿನ್ನಲೇ ಇಲ್ಲವಲ್ಲ” ಎಂದು ಉಪಚಾರ ಹೇಳುತ್ತಾರಲ್ಲ, ಹಾಗೆ ಇದು. ಆಸನ ತೊರೆದ ವಿರಾಗಿಗಳು ಎಂದು ನಾನು ಮೂವತ್ತು ಜನರಿಗಾದರೂ ಬರೆದಿದ್ದೇನೆ. ಅವರಲ್ಲೊಬ್ಬರದು ಸೋಫಾ ಅಂಗಡಿ.

ರಾಜ್ಯೋತ್ಸವ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಸಂಘದ ಅಧ್ಯಕ್ಷ ಶ್ರೀರಂಗ ಅವರು ಶಾಲು ಹೊದಿಸಿ, ಪೇಟವಿಟ್ಟು, ಅನಾನಸ್ ಇದ್ದ ಹಣ್ಣಿನ ಬುಟ್ಟಿ ಕೊಟ್ಟರು. ನಾನು ಪತ್ರ ಓದಿದೆ. ಬಾತಿನ ಮುಚ್ಚಳ ತೆಗೆದರು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಶ್ರೀರಂಗ ಅವರಿಗೆ ಸಭೆ ಖಾಲಿಯಾಗುವುದನ್ನು ನೋಡಲಾಗದೆ, “ಸ್ವಲ್ಪ ನಿಂತು ತೋರಿಸಿ ಅಡಿವೆಪ್ಪನೋರೆ” ಎಂದರು. ಅಡಿವೆಪ್ಪನವರು ಪೇಟ, ಶಾಲು ಸಮೇತ ಎದ್ದು, ಮಂಡಿ ಬಗ್ಗಿಸಿ, ಇಲ್ಲದ ಕೊಡವನ್ನು ಅಪ್ಪಿಕೊಂಡು ಎರಡು ನಿಮಿಷ ನಿಂತರು. ಪಕ್ಕದಲ್ಲಿ ಅವರ ಕುರ್ಚಿ ಖಾಲಿ ಇತ್ತು. ಮಯೂರ್ ಆ ಕ್ಷಣದ ಫೋಟೊ ತೆಗೆದ.

ಮಯೂರ್ ಬೆಂಗಳೂರಿನವನು, ಅಡಿವೆಪ್ಪನವರ ಕಾರ್ಖಾನೆಯಲ್ಲೇ ಶಿಫ್ಟ್ ಮ್ಯಾನೇಜರ್. ಒಳ್ಳೆಯ ಹುಡುಗ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ನನ್ನ ದುಃಖವೇ ಅದು. ಸೋಮವಾರ ಅವನು ಆ ಫೋಟೊವನ್ನು, ಕೆಳಗೆ ನನ್ನ ಪತ್ರವನ್ನು ಪೂರ್ತಿ ಹಾಕಿ, ಕಾರ್ಖಾನೆಯ ನೋಟಿಸ್ ಬೋರ್ಡಿಗೆ ಅಂಟಿಸಿದ. “ನಮ್ಮ ಹೆಮ್ಮೆ” ಎಂದು ಇಂಗ್ಲಿಷಿನಲ್ಲಿ ಮೇಲೆ ಬರೆದ.

ಎಂಟು ದಿನಕ್ಕೆ ಅಡಿವೆಪ್ಪನವರ ಹೆಂಡತಿ ಚಂದ್ರವ್ವ ಫೋನ್ ಮಾಡಿದರು. “ಅಣ್ಣಾರ, ಲಗೂನ ಬರ್ರಿ. ಪತ್ರಾ ಬಂದೈತಿ.”

ಹೋದೆ. ಎರಡನೆಯ ಮಹಡಿಯ ಫ್ಲ್ಯಾಟಿನಲ್ಲಿ ಶಾಲು, ಪೇಟ ಟಿವಿಯ ಮೇಲಿದ್ದವು. ಅನಾನಸ್ ಇನ್ನೂ ಕೊಯ್ದಿರಲಿಲ್ಲ. ಮಗಳು ಅಂಕಿತಾ ಪತ್ರ ಕೈಗೆ ಕೊಟ್ಟಳು. ಹದಿನೇಳು ವರ್ಷ, ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ದೇ ಹ್ಯಾವ್ ಬಿಕಮ್ ಅವೇರ್ ಆಫ್ ನ್ಯೂ ಇನ್ಫರ್ಮೇಶನ್, ಅಂಕಲ್. ದೇ ವಾಂಟ್ ಟು ರಿವ್ಯೂ ದ ಚೇರ್.”

ಕುರ್ಚಿಯ ಅಗತ್ಯವನ್ನು ಮರುಪರಿಶೀಲಿಸುವ ಸಭೆಗೆ ಬರಬೇಕು, ನರ್ಸ್ ಸಮ್ಮುಖದಲ್ಲಿ ಸ್ವಲ್ಪ ಹೊತ್ತು ನಿಂತು ತೋರಿಸಬೇಕು, ಬೇಕಿದ್ದರೆ ಭಾಷೆಯ ನೆರವಿಗೆ ಒಬ್ಬರನ್ನು ಕರೆತರಬಹುದು ಎಂದು ಪತ್ರದಲ್ಲಿತ್ತು.

“ನೀವು ಹೊಗಳಿದ್ರಿ, ಕುರ್ಚಿ ಹೊಂಟೈತಿ” ಎಂದರು ಚಂದ್ರವ್ವ. “ಇದಕ್ಕಿಂತ ನಾಕ್ ಮಂದಿ ಮುಂದ ಬೈದಿದ್ರ ಪಾಡಾಗ್ತಿತ್ತು.”

“ಅಣ್ಣಾರಿಗೆ ಯಾಕ ಅಂತಿ? ಅವರು ಮರ್ಯಾದಿ ಕೊಟ್ಟಾರ” ಎಂದರು ಅಡಿವೆಪ್ಪನವರು ಮೆಲ್ಲಗೆ.

ಅಲ್ಲಿಂದಲೇ ಮಯೂರನಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ.

“ಸಾರ್, ನಾನು ಒಳ್ಳೇದಕ್ಕೇ ಹಾಕಿದ್ದು ಸಾರ್. ಎಂಪ್ಲಾಯೀ ಆಫ್ ದ ಮಂತ್ ಆಗ್ಲಿ ಅಂತ.”

“ಅವರ ಕುರ್ಚಿಗೆ ಸಹಿ ಹಾಕಿದವನೂ ನೀನೇ ಅಲ್ವೇನಪ್ಪಾ?”

“ಹೌದು ಸಾರ್. ಆದ್ರೆ ಅದು ಬೇರೆ ಫೈಲು.”

ಚಂದ್ರವ್ವ ಅಳುತ್ತಾ ಕೂರುವ ಪೈಕಿ ಅಲ್ಲ. ಅರ್ಧ ಗಂಟೆಯಲ್ಲಿ ಯೋಜನೆ ಸಿದ್ಧವಾಯಿತು. ನಿಂತು ತೋರಿಸಿ ಎಂದರೆ ನಿಲ್ಲಬೇಕು, ನಿಂತು ಬೀಳಬೇಕು. ನರ್ಸ್ ಕಣ್ಣಾರೆ ಕಂಡರೆ ಕುರ್ಚಿ ಉಳಿಯುತ್ತದೆ. ಗಂಡ ಸರಿಯಾಗಿ ಬೀಳುತ್ತಾರೆಂಬ ನಂಬಿಕೆ ಮಾತ್ರ ಆಕೆಗಿರಲಿಲ್ಲ. ಅದಕ್ಕೆಂದು ಶನಿವಾರ ಬೆಳಿಗ್ಗೆ ಮೂವರೂ ಪಾರ್ಕಿಗೆ ಹೋದೆವು.

ಪಾರ್ಕಿನಲ್ಲಿ ಒಂಬತ್ತು ಜನ ಜಿಟಿಜಿಟಿ ಮಳೆಯಲ್ಲಿ ದುಂಡಗೆ ನಿಂತು ಇಲ್ಲದ ಕೊಡಗಳನ್ನು ಅಪ್ಪಿಕೊಂಡಿದ್ದರು. ನಾಯಿಯೊಂದು ಒಬ್ಬೊಬ್ಬರ ಕಾಲನ್ನೂ ಮೂಸಿ, ಏನೂ ತೀರ್ಮಾನಿಸಲಾಗದೆ ಮುಂದೆ ಹೋಯಿತು. ಮಿಸೆಸ್ ಲಾವ್ ನನ್ನ ಭುಜಕ್ಕೂ ಬಾರದ ಎಪ್ಪತ್ತೆಂಟರ ಮುದುಕಿ, ದಪ್ಪ ಕೋಟಿನೊಳಗೆ ಮುಖವಷ್ಟೇ ಕಾಣುತ್ತಿತ್ತು.

“ಇವರಿಗೆ ಬೀಳೂದ ಕಲಿಸಿಕೊಡ್ರಿ ಅಂತ ಹೇಳ್ರಿ” ಎಂದರು ಚಂದ್ರವ್ವ.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮಿಸೆಸ್ ಲಾವ್ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. “ಫಾಲ್? ಫಾರ್ ಫಾಲ್, ನೋ ನೀಡ್ ಟೀಚರ್” ಎಂದು ಅಡಿವೆಪ್ಪನವರ ಎದೆಯ ಮೇಲೆ ಎರಡು ಬೆರಳಿಟ್ಟು ಒಂದಿಷ್ಟು ಒತ್ತಿದರು. ಅಡಿವೆಪ್ಪನವರು ಹಿಂದೆ ಹೋಗಿ ಬೆಂಚಿನ ಮೇಲೆ ದೊಪ್ಪನೆ ಕೂತರು.

“ಚಲೋ ಬಿದ್ರಿ!” ಎಂದರು ಚಂದ್ರವ್ವ. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನಿಗೆ ಅವರು ಕೊಟ್ಟ ಮೊದಲ ಶಹಭಾಸ್‌ಗಿರಿ ಅದು ಎಂದು ಅಡಿವೆಪ್ಪನವರೇ ಆಮೇಲೆ ನನಗೆ ಹೇಳಿದರು.

ಶನಿವಾರ, ಭಾನುವಾರ ಫ್ಲ್ಯಾಟಿನಲ್ಲಿ ತಾಲೀಮು ನಡೆಯಿತು. ಐದನೆಯ ನಿಮಿಷಕ್ಕೆ “ಆಯ್” ಎನ್ನಬೇಕು, ಆರನೆಯದಕ್ಕೆ ಸೊಂಟ ಹಿಡಿದುಕೊಳ್ಳಬೇಕು, ಏಳಕ್ಕೆ ಬೀಳಬೇಕು. ಚಂದ್ರವ್ವ ಗಡಿಯಾರ ಹಿಡಿದು ಕೂತರು. ಸೋಫಾದ ದಿಂಬುಗಳನ್ನು ನೆಲಕ್ಕೆ ಹಾಸಿದ್ದರೂ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಮ್ಮ ಸೂರು ಕುಟ್ಟಿದರು. ಅಡಿವೆಪ್ಪನವರಿಗೆ “ಆಯ್” ಎನ್ನುವುದು ಒಗ್ಗಲೇ ಇಲ್ಲ. ಒಮ್ಮೆ ಬೇಗ ಎನ್ನುತ್ತಿದ್ದರು, ಒಮ್ಮೆ ಬಿದ್ದ ಮೇಲೆ ಎನ್ನುತ್ತಿದ್ದರು.

“ಅಪ್ಪಾ, ಯು ಡೋಂಟ್ ಹ್ಯಾವ್ ಟು ಆ್ಯಕ್ಟ್” ಎಂದಳು ಅಂಕಿತಾ ಕೊನೆಗೆ. “ಜಸ್ಟ್ ಸ್ಟ್ಯಾಂಡ್. ಯು ವಿಲ್ ಫಾಲ್ ಎನಿವೇ.”

ಆ ಮನೆಯಲ್ಲಿ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಹನ್ನೊಂದನೆಯ ನಿಮಿಷಕ್ಕೆ ಅವರ ಕಾಲು ಹೇಗೂ ನಡುಗುತ್ತವೆ. ನಾವು ನೆಮ್ಮದಿಯಿಂದ ಚಹಾ ಕುಡಿದೆವು.

ಮಂಗಳವಾರ ಸಭೆ. ಚಂದ್ರವ್ವ ಕಾರ್ಖಾನೆಯ ಗೇಟಿನವರೆಗೆ ಬಂದು, “ಏಳಕ್ಕ ಬೀಳ್ರಿ, ತಡಾ ಮಾಡಬ್ಯಾಡ್ರಿ” ಎಂದು ಹೇಳಿ ಅಲ್ಲೇ ಚಳಿಯಲ್ಲಿ ಕಾದು ನಿಂತರು. ಒಳಗೆ ಆಫೀಸಿನ ಕೋಣೆಯಲ್ಲಿ ಉದ್ದನೆಯ ಮೇಜು, ಸುತ್ತ ಹದಿನಾಲ್ಕು ಕುರ್ಚಿಗಳು. ಎಲ್ಲಕ್ಕೂ ಗಾಲಿಗಳಿದ್ದವು. ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ಮಿಸ್ ಹಾರ್ಗ್ರೀವ್, ಒಬ್ಬಳು ನರ್ಸ್, ಎಲ್ಲವನ್ನೂ ಬರೆದುಕೊಳ್ಳಲು ಒಬ್ಬ ಗುಮಾಸ್ತ. ಮೂವರೂ ಬಹಳ ಸಭ್ಯರು. ನೀರು ಬೇಕೆ ಎಂದು ಎರಡು ಸಲ ಕೇಳಿದರು.

ಮಿಸ್ ಹಾರ್ಗ್ರೀವ್ ನೋಟಿಸ್ ಬೋರ್ಡಿನಿಂದ ಕಿತ್ತು ತಂದಿದ್ದ ನನ್ನ ಪತ್ರವನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಏನಿದೆ ಎಂದು ಹೇಳಬಹುದೇ ಎಂದು ನನ್ನನ್ನು ಕೇಳಿದರು. ಫೋನಿನಲ್ಲಿ ಅನುವಾದ ಮಾಡಿ ನೋಡಿದರೆ ಬರೀ ಬೆಟ್ಟ, ಹುಲ್ಲು ಎಂದು ಬರುತ್ತಿದೆಯಂತೆ.

ನಾನು ಏನು ಹೇಳಬೇಕೆಂದು ಮನೆಯಲ್ಲೇ ಗಟ್ಟಿ ಮಾಡಿಕೊಂಡು ಬಂದಿದ್ದೆ. ಇದು ನಮ್ಮ ಕಡೆಯ ಸಂಪ್ರದಾಯ, ಎಲ್ಲರಿಗೂ ಹೀಗೇ ಬರೆಯುತ್ತೇವೆ, ಯಾರೂ ನಂಬುವುದಿಲ್ಲ. ಮೂರು ವಾಕ್ಯ. ಬಾಯಿ ತೆರೆದೆ.

“ಟೇಕ್ ಯುವರ್ ಟೈಮ್” ಎಂದರು ಮಿಸ್ ಹಾರ್ಗ್ರೀವ್. “ವಿ ವಾಂಟ್ ಎವ್ರಿ ವರ್ಡ್.”

ಹದಿನಾಲ್ಕು ವರ್ಷದಲ್ಲಿ ನನ್ನ ಬರವಣಿಗೆಯ ಬಗ್ಗೆ ಯಾರೂ ಹೀಗೆ ಹೇಳಿರಲಿಲ್ಲ. ಮೂರು ಜನ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದರು. ಯಾರೂ ತಟ್ಟೆ ಹಿಡಿದು ಓಡುತ್ತಿರಲಿಲ್ಲ, ಎಲ್ಲಿಂದಲೂ ಬಾತಿನ ವಾಸನೆ ಬರುತ್ತಿರಲಿಲ್ಲ. ನಾನು ಮೊದಲು ಕನ್ನಡದಲ್ಲಿ ಓದಿದೆ, ಧ್ವನಿಗಾಗಿ. ಆಮೇಲೆ ಇಂಗ್ಲಿಷಿನಲ್ಲಿ ಒಂದೊಂದೇ ಪದ ಬಿಡಿಸಿದೆ. ಸಮರಕಲೆಯ ಚಕ್ರವರ್ತಿ ಎಂದೆ. ಕಾರ್ಖಾನೆಯಲ್ಲಿ ಯಾರನ್ನಾದರೂ ಹೊಡೆದಿದ್ದಾರೆಯೇ ಎಂದು ನರ್ಸ್ ಕೇಳಿದಳು, ಇಲ್ಲ ಎಂದೆ. ಪ್ರಹರ ಎಂದರೆ ಎಷ್ಟು ಹೊತ್ತು ಎಂದು ಗುಮಾಸ್ತ ಕೇಳಿದ. ಮೂರು ಗಂಟೆ ಎಂದೆ. ಪ್ರಹರ ಪ್ರಹರ ಎಂದು ಎರಡು ಸಲ ಇದೆಯಲ್ಲ ಎಂದ. ಆರು ಗಂಟೆಗೂ ಮೀರಬಹುದು, ಅದು ಭಾವಕ್ಕೆ ಬಿಟ್ಟದ್ದು ಎಂದೆ. ಅವನು ಆರು ಎಂದು ಬರೆದುಕೊಂಡ. ಕೊನೆಗೆ ಆಸನವನ್ನು ತೃಣವೆಂದು ತೊರೆದ ವಿರಾಗಿಗಳು ಎಂಬಲ್ಲಿಗೆ ಬಂದೆ. ಅಲ್ಲಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕುರ್ಚಿಯನ್ನು ಹುಲ್ಲುಕಡ್ಡಿಯಂತೆ ಒದ್ದು ಹೋದ ಮಹಾತ್ಮ ಎಂದು ಇಂಗ್ಲಿಷಿನಲ್ಲಿ ಇನ್ನೂ ಸ್ವಲ್ಪ ಏರಿಸಿಯೇ ಹೇಳಿದೆ.

ಮೂವರೂ ಪೆನ್ನು ಕೆಳಗಿಟ್ಟರು.

“ದಟ್ ಈಸ್ ಬ್ಯೂಟಿಫುಲ್” ಎಂದರು ಮಿಸ್ ಹಾರ್ಗ್ರೀವ್. “ಹೂ ರೋಟ್ ಇಟ್?”

“ಐ ಡಿಡ್.”

“ಆ್ಯಂಡ್ ಈಸ್ ಇಟ್ ಟ್ರೂ?”

ಅಡಿವೆಪ್ಪನವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಅವರ ಕೆಲಸ, ಅವರ ಮನೆ, ಅಂಕಿತಾಳ ಓದು ಎಲ್ಲ ಇತ್ತು ಎಂಬುದು ಈಗ ನನಗೆ ಚೆನ್ನಾಗಿ ಗೊತ್ತು. ಆಗ ನನಗೆ ಕಂಡದ್ದು ಬ್ಯೂಟಿಫುಲ್ ಎಂಬ ಮಾತೊಂದೇ.

“ಎವ್ರಿ ವರ್ಡ್” ಎಂದೆ.

ಹೇಳಿದ ಮರುಗಳಿಗೆ ಬೆವತುಹೋದೆ. ಆದರೂ ಧೈರ್ಯ ಪೂರ್ತಿ ಹೋಗಿರಲಿಲ್ಲ. ಅಡಿವೆಪ್ಪನವರು ಬೀಳುತ್ತಾರೆ, ಬಿದ್ದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ, ಕುರ್ಚಿ ಉಳಿಯುತ್ತದೆ. ನರ್ಸ್ ಗಡಿಯಾರ ತೆಗೆದು, ಆಗದಿದ್ದಾಗ ನಿಲ್ಲಿಸಿಬಿಡಿ, ಬಲವಂತವಿಲ್ಲ ಎಂದಳು. ಅಡಿವೆಪ್ಪನವರು ಎದ್ದರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಕೈ ಸುತ್ತಿ ನಿಂತರು.

ಐದನೆಯ ನಿಮಿಷಕ್ಕೆ ನಾನು “ಆಯ್” ಎಂಬ ಸದ್ದಿಗೆ ಕಿವಿಗೊಟ್ಟೆ. ಬರಲಿಲ್ಲ. ಏಳಾಯಿತು. ಬೀಳಲಿಲ್ಲ. ನಾಟಕ ಅವರಿಗೆ ಬರುವುದಿಲ್ಲ, ಹನ್ನೊಂದು ಹೇಗೂ ಇದೆಯಲ್ಲ ಎಂದುಕೊಂಡೆ. ಹನ್ನೊಂದಕ್ಕೆ ಸರಿಯಾಗಿ ಕಾಲುಗಳು ನಡುಗಿದವು. ಪ್ಯಾಂಟು ಅದುರುವುದು ಮೇಜಿನ ಈಚೆಗೂ ಕಾಣುತ್ತಿತ್ತು. ನರ್ಸ್ ಪೆನ್ನು ಎತ್ತಿಕೊಂಡಳು. ಬೀಳಿ ಅಡಿವೆಪ್ಪನೋರೆ, ದಮ್ಮಯ್ಯ ಬೀಳಿ ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಅವರು ಒಂದು ಸಲ ನನ್ನತ್ತ ನೋಡಿ, ಕಣ್ಣು ಮುಚ್ಚಿದರು. ನಡುಕ ನಿಂತುಹೋಯಿತು.

ಆಮೇಲೆ ಹದಿನೈದಾಯಿತು, ಇಪ್ಪತ್ತಾಯಿತು. ಅವರ ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿದು ತೊಟ್ಟಿಕ್ಕುತ್ತಿತ್ತು. ಗುಮಾಸ್ತ ಬರೆಯುವುದನ್ನು ಬಿಟ್ಟು ಬಾಯಿ ತೆರೆದು ನೋಡುತ್ತಿದ್ದ. ಮೂವತ್ತಕ್ಕೆ ಮಿಸ್ ಹಾರ್ಗ್ರೀವ್ ತಾವೂ ಎದ್ದು ನಿಂತರು, ಗೌರವದಿಂದ. ನಲವತ್ತೆರಡನೆಯ ನಿಮಿಷಕ್ಕೆ ನರ್ಸ್ ತಾನೇ “ಸಾಕು, ಸಾಕು” ಎಂದಳು. ಮೂವರೂ ಚಪ್ಪಾಳೆ ತಟ್ಟಿದರು. ನನ್ನ ಅಭಿನಂದನಾ ಪತ್ರಗಳ ಇತಿಹಾಸದಲ್ಲಿ ಬರೆದದ್ದೆಲ್ಲ ನಿಜವಾದ ಪ್ರಸಂಗ ಇದೊಂದೇ, ಅದು ನಿಜವಾಗಬಾರದ ಪ್ರಸಂಗವೂ ಇದೊಂದೇ.

ಗೇಟಿನಲ್ಲಿ ಚಂದ್ರವ್ವ ಓಡಿ ಬಂದರು. “ಬಿದ್ರ್ಯಾ?”

ನಾನು ತಲೆ ಅಲ್ಲಾಡಿಸಿದೆ.

“ಯಾಕ್ರಿ? ಯಾಕ ಬೀಳಲಿಲ್ರಿ? ಮನ್ಯಾಗ ಹದಿನೇಳ ಸಲ ಬಿದ್ರಲ್ರಿ!” ಎಂದು ಅವರು ರಸ್ತೆಯಲ್ಲೇ ಕೂಗಾಡಿದರು. ಅಡಿವೆಪ್ಪನವರು ಬಸ್‌ಸ್ಟಾಪಿನತ್ತ ಹೆಜ್ಜೆ ಎಳೆದರು. ಬಸ್ಸು ಹತ್ತುವಾಗ ನಾವಿಬ್ಬರೂ ಎತ್ತಿ ಹತ್ತಿಸಬೇಕಾಯಿತು. ಸ್ಕೂಲ್ ಯೂನಿಫಾರ್ಮಿನ ಹುಡುಗಿಯೊಬ್ಬಳು ಅವರ ಮುಖ ನೋಡಿ ತಟ್ಟನೆ ಎದ್ದು ಸೀಟು ಬಿಟ್ಟುಕೊಟ್ಟಳು. ಸೊಂಟ ಬಗ್ಗಲಿಲ್ಲ. ಅವರು ಥ್ಯಾಂಕ್ಯೂ ಎಂದು ಹೇಳಿ, ಕಂಬ ಹಿಡಿದು ಕಿಂಗ್ಸ್‌ಬರಿಯವರೆಗೂ ನಿಂತೇ ಬಂದರು. ಸೀಟು ಖಾಲಿ ಇತ್ತು, ನಾಚಿಕೆಗೆ ನಾವೂ ಕೂರಲಿಲ್ಲ.

ಶುಕ್ರವಾರ ಪತ್ರ ಬಂತು. ಮೊದಲ ಸಾಲಿನಲ್ಲಿ ಅಭಿನಂದನೆ, ಎರಡನೆಯದರಲ್ಲಿ ಕುರ್ಚಿ ಹಿಂತೆಗೆತ. ಸೋಮವಾರ ಬೆಳಿಗ್ಗೆ ಆರಕ್ಕೆ ಅಡಿವೆಪ್ಪನವರು ಬೆಲ್ಟಿನ ಮುಂದೆ ನಿಂತರು. ಏಳೂ ಹತ್ತಕ್ಕೆ ನೆಲದ ಮೇಲೆ ಕೂತುಬಿಟ್ಟರು. ತಿನ್ನುವ ಪದಾರ್ಥ ಇರುವ ಜಾಗದಲ್ಲಿ ನೆಲದ ಮೇಲೆ ಕೂರುವಂತಿಲ್ಲ. ಗಂಟೆ ಬಾರಿಸಿ ಬೆಲ್ಟು ನಿಲ್ಲಿಸಿದರು. “ಎದ್ದೇಳಿ ಸಾರ್, ಪ್ಲೀಸ್ ಎದ್ದೇಳಿ” ಎಂದು ಮಯೂರ್ ಅಳುವ ಹಾಗೆ ಬೇಡಿಕೊಂಡನಂತೆ. ಅವರಿಗೆ ಏಳಲಾಗಲಿಲ್ಲ. ನಾಲ್ಕು ಜನ ಹಿಡಿದು ಹೊರಗೆ ತಂದರು.

ಮುಂದಿನ ಪತ್ರದ ಭಾಷೆ ಬೇರೆ ಇತ್ತು. ನಲವತ್ತೆರಡು ನಿಮಿಷ ಬಗ್ಗಿದ ಮಂಡಿಯಲ್ಲಿ ನಿಂತದ್ದನ್ನು ಮೂವರು ಕಂಡಿರುವಾಗ, ನೆಟ್ಟಗೆ ನಿಲ್ಲಲು ಆಗದು ಎಂದರೆ ಅದು ಕಾಯಿಲೆಯಲ್ಲ, ಅವಿಧೇಯತೆ. ಕುರ್ಚಿ ಹಿಂತೆಗೆದದ್ದಕ್ಕೆ ಹೂಡಿದ ಪ್ರತಿಭಟನೆ. ಹದಿಮೂರು ವರ್ಷಕ್ಕೂ ಮಿಕ್ಕಿ ಒಂದು ದಿನ ತಡವಾಗಿ ಹೋಗದ ಮನುಷ್ಯನನ್ನು ಕೆಲಸದಿಂದ ತೆಗೆದರು.

ಮಾರನೆಯ ದಿನ ಕಂಪನಿಗೆ ಕಾಗದ ಬರೆದೆ. ಅಡಿವೆಪ್ಪನವರು ಹನ್ನೊಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾರರು, ಪತ್ರದಲ್ಲಿ ನಾನು ಬರೆದದ್ದು ಸುಳ್ಳು, ಸಭೆಯಲ್ಲಿ ಹೇಳಿದ್ದೂ ಸುಳ್ಳು, ತಪ್ಪು ನನ್ನದು. ಒಂದು ವಿಶೇಷಣವಿಲ್ಲ, ಒಂದು ಉಪಮೆಯಿಲ್ಲ. ನಾನು ಬರೆದದ್ದರಲ್ಲಿ ಸತ್ಯವಾದದ್ದು ಅದೊಂದೇ, ಅದನ್ನು ಯಾರೂ ನಂಬಲಿಲ್ಲ. ಸ್ನೇಹಿತನ ಮೇಲಿನ ನಿಮ್ಮ ಪ್ರೀತಿ ಅರ್ಥವಾಗುತ್ತದೆ, ಆದರೆ ನಾವು ನಮ್ಮ ಕಣ್ಣನ್ನು ನಂಬುತ್ತೇವೆ ಎಂದು ಮಿಸ್ ಹಾರ್ಗ್ರೀವ್ ಬಹಳ ಸಭ್ಯವಾಗಿ ಉತ್ತರಿಸಿದರು.

ಆ ಉತ್ತರ ಹಿಡಿದು ಕಿಂಗ್ಸ್‌ಬರಿಗೆ ಹೋದೆ. ಅಡಿವೆಪ್ಪನವರು ಕಾರ್ಪೆಟ್ಟಿನ ಮೇಲೆ ಅಂಗಾತ ಮಲಗಿದ್ದರು. ಮಂಚದ ಮೇಲೆ ಮಲಗಿದರೆ ಬೆನ್ನು ಕೇಳುವುದಿಲ್ಲವಂತೆ. ಅಂಕಿತಾ ಬಾಗಿಲು ತೆರೆದವಳು ನನ್ನ ಮುಖ ನೋಡದೆ ಒಳಗೆ ಹೋದಳು. ಚಂದ್ರವ್ವ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

“ಅಡಿವೆಪ್ಪನೋರೆ, ಎಲ್ಲ ನನ್ನಿಂದ ಆಯ್ತು” ಎಂದೆ. “ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹನ್ನೊಂದಕ್ಕೆ ಕಾಲು ನಡುಗಿತಲ್ಲ, ಆಗ ಯಾಕೆ ಬೀಳ್ಲಿಲ್ಲ?”

ಅವರು ಕಣ್ಣನ್ನು ಸೂರಿಗೆ ನೆಟ್ಟರು.

“ಬೀಳೂನು ಅಂತಾನ ಇದ್ದೆ ವಾಸು ಅವ್ರ. ಅಷ್ಟೊತ್ತಿಗೆ ನಿಮ್ಮ ಮಾರಿ ಕಾಣಿಸ್ತು. ಎಲ್ಲಾ ಖರೇ ಅಂತ ಅವರ ಮುಂದ ಆಗಷ್ಟ ಹೇಳಿದ್ರಿ. ನಾ ಬಿದ್ದಿದ್ರ ನೀವು ಸುಳ್ಳ ಹೇಳಿದಂಗ ಆಗ್ತಿತ್ತಲ್ರಿ. ನನಗ ಮರ್ಯಾದಿ ಕೊಟ್ಟವರು ನೀವೊಬ್ರ. ನಿಮ್ಮ ಮರ್ಯಾದಿ ನಾ ಹ್ಯಾಂಗ ಕಳೀಲ್ರಿ?”

ನಾನು ಅವರ ಪಕ್ಕ ನೆಲದ ಮೇಲೆ ಕುಸಿದು, ಮಂಡಿಗೆ ಮುಖ ಒತ್ತಿಕೊಂಡು ಅತ್ತೆ. ಅಡಿವೆಪ್ಪನವರು ಮಲಗಿದ್ದಲ್ಲಿಂದಲೇ ಕೈ ಚಾಚಿ ನನ್ನ ಬೆನ್ನು ಸವರಿದರು.